ಬೆಳ್ಳಗಿರುವುದೆಲ್ಲ ಹಾಲಲ್ಲ

ಕಳೆದ ತಿಂಗಳು ನಮ್ಮ ಆಪ್ತ ಬಂಧುಗಳೊಬ್ಬರು ಸಕುಟುಂಬರಾಗಿ ನಮ್ಮ ಮನೆಗೆ ದಯಮಾಡಿಸಿದ್ದರು. ಅವರ ಮಗಳು ವಿಜ್ಞಾನ ವಿಷಯವನ್ನು ತೆಗೆದುಕೊಂಡು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಪ್ರಸಾದವಾದ ಮೇಲೆ ಹಿರಿಯರೆಲ್ಲರೂ ಪಡಸಾಲೆಯಲ್ಲಿ ಮಾತಿಗೆ ಕುಳಿತಾಗ ಆ ಮಗು ಮಾತ್ರ ಮೂಲೆಯಲ್ಲಿ ತನ್ನ ಪ್ರಯೋಗದ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಏನನ್ನೋ ಅಳಿಸುತ್ತ, ಮತ್ತೆ ಬರೆಯುತ್ತ ಇದ್ದುದು ನಮ್ಮ ಕಣ್ಣಿಗೆ ಬಿದ್ದಿತು. ಏನೆಂದು ವಿಚಾರಿಸಿದಾಗ ಅವಳು ಸಂಕೋಚದಿಂದಲೇ ಹೇಳಿದಳು:

“ಅಜ್ಜಾರ, ಒಂದು ಬಿಳಿ ಲವಣ ಕೊಟ್ಟಿದ್ದರು. ಮೂರನೇ ಗುಂಪಿನ ಪರೀಕ್ಷೆಯೊಳಗ ನನಗ ಬೆಳ್ಳಗ ಗಸಿ ಬಂತು. ಅಲ್ಯೂಮಿನಿಯಂ ಅಂತ ಬರದೆ. ಬಾಟಲಿ ಮ್ಯಾಲಿನ ನಂಬರ್ ಗೊತ್ತಿದ್ದವರು ಅದು ಮ್ಯಾಗ್ನೀಸಿಯಂ ಅಂದ್ರು. ಅದಕ್ಕ ಎಲ್ಲಾ ತಿದ್ದಿ ಬರೀಲಿಕ್ಕತ್ತೀನಿ.”

ಅವಳ ತಂದೆ ನಕ್ಕು, “ಇರಲಿ ಬಿಡ್ರಿ, ಅಂಕ ಬಂದರ ಸಾಕು” ಎಂದರು. ಮಗು ಸುಮ್ಮನಾಗಲಿಲ್ಲ. “ಉತ್ತರ ಮೊದಲ ಗೊತ್ತಿದ್ದರ ಈ ಪರೀಕ್ಷೆ ಯಾಕ ಮಾಡಬೇಕು, ಅಜ್ಜಾರ?” ಎಂದು ಕೇಳಿದಳು.

ಪ್ರಶ್ನೆ ಚಿಕ್ಕದು. ಆದರೆ ಮಕ್ಕಳನ್ನು ಓದಿಸುತ್ತಿರುವ ಪ್ರತಿಯೊಂದು ಮನೆಯವರೂ ಕುಳಿತು ಯೋಚಿಸಬೇಕಾದ ಪ್ರಶ್ನೆ. ಆದಕಾರಣ ಈ ತಿಂಗಳ ನಮ್ಮ ಮಾತನ್ನು ಆ ಮಗುವಿನ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ.

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಹೇಳುತ್ತಾರೆ. ನಮ್ಮ ಅಡುಗೆಮನೆಯ ಗೂಡಿನಲ್ಲಿಯೇ ಉಪ್ಪು, ಸಕ್ಕರೆ, ಅಡುಗೆ ಸೋಡಾ, ಪಟಿಕದ ಪುಡಿ ಇವೆಲ್ಲವೂ ಬೆಳ್ಳಗೇ ಇರುತ್ತವೆ. ಮನೆಯಲ್ಲಾದರೆ ನಾಲಗೆಯ ತುದಿಗೆ ಹಚ್ಚಿ ನೋಡಬಹುದು. ಪ್ರಯೋಗಶಾಲೆಯ ಪದಾರ್ಥವನ್ನು ನಾಲಗೆಗೆ ಹಚ್ಚಿದರೆ ಪ್ರಾಣಕ್ಕೇ ಸಂಚಕಾರ ಬಂದೀತು. ಬೇರಿಯಂ ಕ್ಲೋರೈಡ್ ಸಹ ಬಿಳಿಯ ಹರಳೇ, ಅದು ವಿಷ. ಹಾಗಾದರೆ ರುಚಿ ನೋಡದೆ, ಹೆಸರು ಓದದೆ, ಒಂದು ಬಿಳಿಯ ಪುಡಿಯನ್ನು ಇಂಥದೇ ಎಂದು ಗುರುತಿಸುವ ಬಗೆ ಹೇಗೆ? ಇದಕ್ಕಾಗಿ ಹುಟ್ಟಿದ ಶಾಸ್ತ್ರವೇ ಗುಣಾತ್ಮಕ ವಿಶ್ಲೇಷಣೆ.

ಲವಣವು ನೀರಿನಲ್ಲಿ ಕರಗಿದಾಗ ಎರಡು ಬಗೆಯ ಕಣಗಳಾಗಿ ಬೇರ್ಪಡುತ್ತದೆ. ಧನ ವಿದ್ಯುದಂಶವುಳ್ಳವು ಒಂದು ಬಗೆ, ಋಣ ವಿದ್ಯುದಂಶವುಳ್ಳವು ಇನ್ನೊಂದು ಬಗೆ. ಇವನ್ನೇ ಅಯಾನುಗಳೆನ್ನುತ್ತಾರೆ. ನಾವು ಉಣ್ಣುವ ಉಪ್ಪಿನಲ್ಲಿ ಸೋಡಿಯಂ ಧನ ಅಯಾನು, ಕ್ಲೋರೈಡ್ ಋಣ ಅಯಾನು. ಇವು ಕಣ್ಣಿಗೆ ಕಾಣುವಂಥವಲ್ಲ. ಆದರೆ ತಕ್ಕ ದ್ರಾವಣವನ್ನು ಬೆರೆಸಿದಾಗ ಒಂದೊಂದೂ ತನ್ನದೇ ಆದ ಗುರುತನ್ನು ತೋರುತ್ತದೆ. ಕೆಲವು ಕರಗದ ಗಸಿಯಾಗಿ ತಳಕ್ಕಿಳಿಯುತ್ತವೆ, ಕೆಲವು ಬಣ್ಣ ಕೊಡುತ್ತವೆ, ಕೆಲವು ಅನಿಲವನ್ನು ಹೊರಬಿಡುತ್ತವೆ. ಹೀಗೆ ಹೊರಗೆ ಕಾಣುವ ಕುರುಹಿನಿಂದ ಒಳಗಿನದನ್ನು ಅರಿಯುವುದೇ ಇಲ್ಲಿಯ ಕ್ರಮ. ಜರ್ಮನಿಯ ರೆಮಿಗಿಯಸ್ ಫ್ರೆಸೇನಿಯಸ್ ಎಂಬ ರಸಾಯನ ವಿದ್ವಾಂಸನು ಇನ್ನೂ ವಿದ್ಯಾರ್ಥಿದೆಸೆಯಲ್ಲಿದ್ದಾಗಲೇ, 1841ರಲ್ಲಿ, ಈ ಪರೀಕ್ಷೆಗಳನ್ನು ಕ್ರಮವಾಗಿ ಜೋಡಿಸಿ ಒಂದು ಗ್ರಂಥವನ್ನು ಪ್ರಕಟಿಸಿದನು. ಇಂದು ನಮ್ಮ ಮಕ್ಕಳು ಮೊದಲನೆಯ ಗುಂಪು, ಎರಡನೆಯ ಗುಂಪು ಎಂದು ಸಾಲಾಗಿ ಮಾಡುವ ಪರೀಕ್ಷೆಗಳು ಆ ಪರಂಪರೆಗೇ ಸೇರಿದವು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಓದುಗ ಬಂಧುಗಳ ಮುಂದೆ ಒಪ್ಪಿಕೊಳ್ಳಬೇಕಾಗಿದೆ. 1970ರ ದಶಕದ ಕೊನೆಯಲ್ಲಿ ನಾವು ಮಠದ ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದೆವು. ಬೆಳಗಿನ ಜಾವ ಸಂಸ್ಕೃತ ಪಾಠ, ಹಗಲು ಕಾಲೇಜಿನಲ್ಲಿ ವಿಜ್ಞಾನ. ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿದ ನಮಗೆ ರಸಾಯನದ ಪರೀಕ್ಷೆಗಳೂ ಬಾಯಿಪಾಠದ ವಿಷಯವೆಂದೇ ತೋರಿದ್ದಿತು. ಒಂದು ದಿನ ನಮಗೆ ಬಿಳಿಯ ಲವಣವೊಂದನ್ನು ಕೊಟ್ಟರು. ಕ್ಲೋರೈಡ್ ಇದೆಯೋ ಇಲ್ಲವೋ ನೋಡಲು ಅದರ ದ್ರಾವಣಕ್ಕೆ ಮೊದಲು ಆಮ್ಲ, ಅನಂತರ ಸಿಲ್ವರ್ ನೈಟ್ರೇಟ್ ಹಾಕಬೇಕು. ಕ್ಲೋರೈಡ್ ಇದ್ದರೆ ಮೊಸರಿನಂತಹ ಬಿಳಿಯ ಗಸಿ ಬರುತ್ತದೆ. ನಾವು ಹಾಕಿದೆವು, ಅಚ್ಚ ಮೊಸರಿನಂತೆ ಗಸಿ ಬಂದಿತು. ‘ಕ್ಲೋರೈಡ್’ ಎಂದು ಬರೆದು ಹೆಮ್ಮೆಯಿಂದ ಗುರುಗಳಿಗೆ ತೋರಿಸಿದೆವು.

ಗುರುಗಳು ವಹಿಯನ್ನು ನೋಡಿದರು. ನಾವು ಬಳಸಿದ ಆಮ್ಲದ ಬಾಟಲಿಯನ್ನೂ ನೋಡಿದರು. ಏನೂ ಬೈಯಲಿಲ್ಲ. ತೊಳೆದ ಪ್ರನಾಳದಲ್ಲಿ ಬರಿಯ ಭಟ್ಟಿಯಿಳಿಸಿದ ನೀರನ್ನು ತೆಗೆದುಕೊಂಡು, ಅದಕ್ಕೆ ಅದೇ ಬಾಟಲಿಯ ಆಮ್ಲವನ್ನು ನಾಲ್ಕು ಹನಿ ಹಾಕಿ, ಸಿಲ್ವರ್ ನೈಟ್ರೇಟ್ ಬೆರೆಸಿದರು. ಮೊದಲಿನಂತೆಯೇ ಮೊಸರಿನಂತಹ ಗಸಿ ಬಂದಿತು. “ಈ ನೀರಿನೊಳಗೂ ಕ್ಲೋರೈಡ್ ಐತೇನೋ ತಮ್ಮಾ?” ಎಂದು ಕೇಳಿದರು.

ನಾವು ಹಾಕಬೇಕಾಗಿದ್ದುದು ನೈಟ್ರಿಕ್ ಆಮ್ಲ. ಹಾಕಿದ್ದುದು ಹೈಡ್ರೋಕ್ಲೋರಿಕ್ ಆಮ್ಲ. ಆ ಆಮ್ಲದಲ್ಲಿಯೇ ಕ್ಲೋರೈಡ್ ಇರುತ್ತದೆ. ನಾವೇ ತಂದು ಹಾಕಿದ್ದನ್ನು ನಾವೇ ‘ಕಂಡುಹಿಡಿದು’ ಬಂದಿದ್ದೆವು! ನಮಗೆ ಕೊಟ್ಟಿದ್ದ ಲವಣವು ಸಲ್ಫೇಟ್ ಆಗಿತ್ತು. ಅಂದು ತಲೆ ತಗ್ಗಿಸಿ ನಿಂತ ಗಳಿಗೆಯನ್ನು ಇಂದಿಗೂ ನಾವು ಮರೆತಿಲ್ಲ. ಮುಂದೆ ಜೀವನದಲ್ಲಿ ಯಾರನ್ನಾದರೂ ಕುರಿತು ತೀರ್ಮಾನಕ್ಕೆ ಬರುವ ಹೊತ್ತಿನಲ್ಲಿ, ‘ಇದು ಅವರಲ್ಲಿರುವುದೋ, ನಾವು ಹಾಕಿದ್ದೋ?’ ಎಂದು ಒಮ್ಮೆ ಕೇಳಿಕೊಳ್ಳುವ ಅಭ್ಯಾಸವು ನಮಗೆ ಬಂದದ್ದು ಆ ಪ್ರನಾಳದ ದೆಸೆಯಿಂದಲೇ.

ಆಮ್ಲವನ್ನು ಮೊದಲೇ ಏಕೆ ಹಾಕಬೇಕೆಂಬುದನ್ನೂ ಗುರುಗಳು ಅಂದೇ ತಿಳಿಸಿಕೊಟ್ಟರು. ಕಾರ್ಬೊನೇಟ್ ಸಹ ಸಿಲ್ವರ್ ನೈಟ್ರೇಟಿನೊಡನೆ ಬಿಳಿಚಾದ ಗಸಿಯನ್ನು ಕೊಡುತ್ತದೆ. ಆದರೆ ಅದು ನೈಟ್ರಿಕ್ ಆಮ್ಲದಲ್ಲಿ ಗುಳ್ಳೆಯೆದ್ದು ಕರಗಿಹೋಗುತ್ತದೆ. ಕ್ಲೋರೈಡಿನ ಗಸಿ ಕರಗುವುದಿಲ್ಲ. ಮೊದಲೇ ಆಮ್ಲ ಹಾಕಿದರೆ ಕಾರ್ಬೊನೇಟ್ ತೊಲಗಿ, ಗೊಂದಲಕ್ಕೆ ಎಡೆಯಿಲ್ಲದಂತಾಗುತ್ತದೆ. ಅಷ್ಟಕ್ಕೂ ನಿಲ್ಲದೆ, ಬಂದ ಗಸಿಗೆ ಅಮೋನಿಯದ ದ್ರಾವಣವನ್ನು ಹಾಕಿ ನೋಡಬೇಕು. ಕ್ಲೋರೈಡಿನದಾದರೆ ಕರಗುತ್ತದೆ. ಅಯೋಡೈಡಿನ ಗಸಿ ಹಳದಿಯಾಗಿದ್ದು ಅದರಲ್ಲಿ ಕರಗುವುದಿಲ್ಲ. ಸಲ್ಫೇಟಿಗೆ ಬೇರಿಯಂ ಕ್ಲೋರೈಡಿನ ಪರೀಕ್ಷೆ: ಬಿಳಿಯ ಗಸಿ ಬಂದು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿಯೂ ಕರಗದೆ ನಿಂತರೆ ಮಾತ್ರ ಸಲ್ಫೇಟ್ ಎನ್ನಬೇಕು. ಮೊದಲನೆಯ ಗುರುತು ಸಂಶಯವನ್ನು ಹುಟ್ಟಿಸುತ್ತದೆ, ಎರಡನೆಯದು ಖಚಿತಪಡಿಸುತ್ತದೆ. ಒಂದೇ ಸಾಕ್ಷಿಯ ಮೇಲೆ ರಸಾಯನಶಾಸ್ತ್ರವು ತೀರ್ಪು ಕೊಡುವುದಿಲ್ಲ.

ಧನ ಅಯಾನುಗಳಲ್ಲಿಯೂ ಇದೇ ಮಾತು. ಜ್ವಾಲೆಯ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಇಟ್ಟಿಗೆಗೆಂಪು ಬಣ್ಣವನ್ನೂ, ಬೇರಿಯಂ ಎಳೆಹಸಿರನ್ನೂ, ಪೊಟಾಸಿಯಂ ತಿಳಿನೇರಳೆಯನ್ನೂ, ಸೋಡಿಯಂ ಉಜ್ವಲವಾದ ಹಳದಿಯನ್ನೂ ತೋರುತ್ತವೆ. ಆದರೆ ಸೋಡಿಯಮ್ಮಿನ ಹಳದಿ ಎಷ್ಟು ಪ್ರಬಲವೆಂದರೆ, ಲೇಶಮಾತ್ರ ಬೆರೆತಿದ್ದರೂ ಪೊಟಾಸಿಯಮ್ಮಿನ ನೇರಳೆಯನ್ನು ಮುಚ್ಚಿಬಿಡುತ್ತದೆ. ಆಗ ಕೋಬಾಲ್ಟಿನ ನೀಲಿ ಗಾಜನ್ನು ಕಣ್ಣಿಗೆ ಅಡ್ಡವಾಗಿ ಹಿಡಿಯುತ್ತಾರೆ. ಗಾಜು ಹಳದಿಯನ್ನು ತಡೆಯುತ್ತದೆ. ಅಡಗಿದ್ದ ನೇರಳೆ ಕಾಣುತ್ತದೆ. ಕೂಡು ಕುಟುಂಬದಲ್ಲಿ ದೊಡ್ಡ ದನಿಯವರ ನಡುವೆ ಮೆಲುದನಿಯ ಸೊಸೆಯ ಮಾತು ಕೇಳಿಸದೆ ಹೋಗುವುದುಂಟಲ್ಲ, ಹಾಗೆ. ಕೇಳಿಸಲಿಲ್ಲವೆಂದ ಮಾತ್ರಕ್ಕೆ ಅವಳು ಮಾತನಾಡಲೇ ಇಲ್ಲವೆಂದು ಹೇಳಬಾರದು.

ಇನ್ನು ಅನಿಲಗಳ ವಿಷಯ. ಇಲ್ಲಿ ತಾಯಂದಿರು ಮಕ್ಕಳನ್ನು ಕೂಡಿಸಿಕೊಂಡು ಮನೆಯಲ್ಲಿಯೇ ನೋಡಬಹುದಾದ ಒಂದು ಪರೀಕ್ಷೆಯುಂಟು. ಎಲೆಯಡಿಕೆಯ ಸುಣ್ಣವನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಒಂದು ಲೋಟ ನೀರಿನಲ್ಲಿ ಕಲಕಿ, ರಾತ್ರಿಯಿಡೀ ಮುಚ್ಚಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಬೇಕು. ಇದು ಸುಣ್ಣದ ತಿಳಿನೀರು. ಅದರೊಳಗೆ ಕೊಳವೆಯಿಂದ ಮೆಲ್ಲಗೆ ಉಸಿರನ್ನು ಊದಬೇಕು. ಒಳಗೆ ಹೀರಬಾರದು, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಹಿರಿಯರು ಬಳಿಯಲ್ಲಿಯೇ ಇರಬೇಕು. ಸ್ವಲ್ಪ ಹೊತ್ತಿನಲ್ಲಿ ತಿಳಿನೀರು ಹಾಲಿನಂತಾಗುತ್ತದೆ. ನಮ್ಮ ಉಸಿರಿನಲ್ಲಿರುವ ಇಂಗಾಲದ ಡೈ ಆಕ್ಸೈಡ್ ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದೇ ಇದಕ್ಕೆ ಕಾರಣ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿದ್ವಾಂಸನು 1750ರ ದಶಕದಲ್ಲಿ ಈ ಅನಿಲವನ್ನು ಅಭ್ಯಸಿಸಿದಾಗ ಸುಣ್ಣದ ನೀರನ್ನೇ ಸಾಧನವಾಗಿ ಮಾಡಿಕೊಂಡಿದ್ದನು.

ಆದರೆ ಊದುವುದನ್ನು ಹಾಗೆಯೇ ಬಹಳ ಹೊತ್ತು ಮುಂದುವರಿಸಿದರೆ ಆ ಹಾಲಿನ ಬಣ್ಣವು ಮತ್ತೆ ತಿಳಿಯಾಗಬಲ್ಲದು. ಕಾರ್ಬೊನೇಟ್ ಬೈಕಾರ್ಬೊನೇಟ್ ಆಗಿ ಕರಗಿಹೋಗುತ್ತದೆ. ತಡವಾಗಿ ಬಂದು ನೋಡಿದವನು, ‘ಇಲ್ಲಿ ಯಾವ ಅನಿಲವೂ ಇಲ್ಲ’ ಎಂದು ಹೇಳಿಯಾನು. ಇನ್ನೊಂದು ಮಾತು: ಗಂಧಕವನ್ನು ಉರಿಸಿದಾಗ ಬರುವ ಸಲ್ಫರ್ ಡೈ ಆಕ್ಸೈಡ್ ಸಹ ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡುತ್ತದೆ. ಇವೆರಡನ್ನು ಬೇರ್ಪಡಿಸಲು ಪೊಟಾಸಿಯಂ ಡೈಕ್ರೋಮೇಟಿನಲ್ಲಿ ಅದ್ದಿದ ಕಾಗದ ಬೇಕು. ಸಲ್ಫರ್ ಡೈ ಆಕ್ಸೈಡ್ ಆ ಕಿತ್ತಳೆ ಬಣ್ಣದ ಕಾಗದವನ್ನು ಹಸಿರು ಮಾಡುತ್ತದೆ. ಇಂಗಾಲದ ಡೈ ಆಕ್ಸೈಡ್ ಮಾಡುವುದಿಲ್ಲ.

ನಮ್ಮ ಮನೆಗಳಲ್ಲಿ ಆರತಿಗೆ ಅರಿಸಿನದ ನೀರಿಗೆ ಸುಣ್ಣ ಬೆರೆಸಿ ಕೆಂಪು ಓಕುಳಿಯನ್ನು ಮಾಡುತ್ತಾರೆ. ಇದೂ ಒಂದು ಪರೀಕ್ಷೆಯೇ ಸರಿ. ಅರಿಸಿನ ಕೆಂಪಾದರೆ ನೀರಿನಲ್ಲಿ ಕ್ಷಾರವಿದೆಯೆಂದು ಅರ್ಥ. ಆದರೆ ಅದು ಸುಣ್ಣವೋ, ಸಾಬೂನೋ, ಬಟ್ಟೆ ಸೋಡವೋ ಎಂಬುದನ್ನು ಅರಿಸಿನ ಹೇಳಲಾರದು. ನಾವು ಅದನ್ನು ಕೇಳಿದ್ದು ‘ಕ್ಷಾರವುಂಟೆ?’ ಎಂದು, ಅದಕ್ಕಷ್ಟೇ ಅದು ಉತ್ತರ ಕೊಟ್ಟಿದೆ. ಪ್ರತಿಯೊಂದು ಪರೀಕ್ಷೆಯೂ ತನ್ನನ್ನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಕೇಳದ ಪ್ರಶ್ನೆಗೂ ಉತ್ತರ ಬಂದಿತೆಂದು ತಿಳಿದುಕೊಳ್ಳುವುದು ನಮ್ಮ ತಪ್ಪು. ಶಾಲೆಯಲ್ಲಿ ಈ ತಪ್ಪಿಗೆ ನಾಲ್ಕು ಅಂಕ ಹೋದಾವು. ಹೊರಗೆ ಪ್ರಾಣವೇ ಹೋಗುವುದುಂಟು. ಅದನ್ನು ವಿವರಿಸಲು ನಾವು ನಮ್ಮ ಬಾಲ್ಯಕ್ಕೆ ಹೋಗಬೇಕಾಗಿದೆ.

ಉತ್ತರ ಕರ್ನಾಟಕದ ಎರೆಯ ಸೀಮೆಯವರಿಗೆ ಹಗೇವು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ನೆಲದೊಳಗೆ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಕಣಜ ಅದು. ಸುಗ್ಗಿಯ ಜೋಳವನ್ನು ಅದರಲ್ಲಿ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಹಾಕಿಬಿಡುತ್ತಿದ್ದರು. ನಾವು ಏಳೆಂಟು ವರ್ಷದವರಿದ್ದಾಗ ನಮ್ಮ ಮನೆಯ ಹಗೇವು ತೆಗೆಯುವ ದಿನ ಬಂದಿತು. ಕಲ್ಲು ಸರಿಸಿದ ಕೂಡಲೇ ಇಳಿಯಲು ಆಳುಮಗನೊಬ್ಬನು ಸಿದ್ಧನಾದನು. ನಮ್ಮ ಅಜ್ಜನವರು ಅವನನ್ನು ತಡೆದು, ಹಚ್ಚಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟರು. ಅರ್ಧ ದಾರಿಯಲ್ಲಿಯೇ ಜ್ಯೋತಿ ಕುಗ್ಗಿ ಆರಿಹೋಯಿತು. “ದೀಪ ಬದುಕಲಾರದ ಕಡೆ ಮನಿಷಾ ಇಳೀಬಾರದು” ಎಂದು ಅಜ್ಜನವರು ಬಾಯಿಯನ್ನು ತೆರೆದೇ ಬಿಡಿಸಿದರು. ಮರುದಿನ ಮತ್ತೆ ಕಂದೀಲು ಇಳಿಬಿಟ್ಟು, ಅದು ತಳದಲ್ಲಿಯೂ ಉರಿದ ಮೇಲೆಯೇ ಆ ಆಳುಮಗನು ಇಳಿದನು.

ಇದರ ಕಾರಣವು ನಮಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಕಾಳು ಜೀವವುಳ್ಳದ್ದು, ಅದೂ, ಅದಕ್ಕೆ ಹತ್ತುವ ಬೂಷ್ಟೂ ಮುಚ್ಚಿದ ಹಗೇವಿನಲ್ಲಿ ಉಸಿರಾಡುತ್ತಲೇ ಇದ್ದು, ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈ ಆಕ್ಸೈಡನ್ನು ತುಂಬುತ್ತವೆ. ಆ ಅನಿಲ ಗಾಳಿಗಿಂತ ಭಾರವಾದುದರಿಂದ ತಳದಲ್ಲಿಯೇ ನಿಲ್ಲುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ ಸುಮಾರು 21 ಪಾಲು ಇರುತ್ತದೆ. ಸುಮಾರು 16 ಪಾಲಿಗೆ ಇಳಿದರೆ ಸಾಮಾನ್ಯ ದೀಪ ಆರುತ್ತದೆ. ಅಕ್ಷರವರಿಯದ ಹಿರಿಯರು ಯಾವ ಪ್ರಯೋಗಶಾಲೆಯೂ ಇಲ್ಲದೆ ಮಾಡುತ್ತಿದ್ದ ಈ ಅನಿಲಪರೀಕ್ಷೆ ಎಷ್ಟು ಜೀವಗಳನ್ನು ಉಳಿಸಿರಬಹುದು!

ಆದರೆ ಇದೇ ದೀಪವನ್ನು ನಂಬಿ ಇಂದು ಯಾರಾದರೂ ಶೌಚದ ಗುಂಡಿಗೋ ಒಳಚರಂಡಿಗೋ ಇಳಿದರೆ ಅನಾಹುತವಾಗುತ್ತದೆಂಬುದನ್ನು ಒತ್ತಿ ಹೇಳಬೇಕಾಗಿದೆ. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಸಾವಿರಕ್ಕೆ ಒಂದು ಪಾಲು ಇದ್ದರೂ ಮನುಷ್ಯನು ಕ್ಷಣಗಳಲ್ಲಿ ಕುಸಿದು ಸಾಯಬಹುದು. ಅಷ್ಟರಿಂದ ದೀಪಕ್ಕೆ ಏನೂ ಆಗುವುದಿಲ್ಲ, ಅದು ಉರಿಯುತ್ತಲೇ ಇರುತ್ತದೆ. ಅಷ್ಟೇ ಅಲ್ಲ, ಅಲ್ಲಿ ಮೀಥೇನ್ ಸಹ ಇರುವುದರಿಂದ ದೀಪವೇ ಸ್ಫೋಟಕ್ಕೆ ಕಾರಣವಾದೀತು. ‘ಕೊಳೆತ ಮೊಟ್ಟೆಯ ನಾತ ಬಂದರೆ ತಿಳಿಯುತ್ತದಲ್ಲ’ ಎನ್ನುವವರುಂಟು. ಅಲ್ಪ ಪ್ರಮಾಣದಲ್ಲಿದ್ದಾಗ ನಾತ ಬರುವುದು ನಿಜ. ಹತ್ತು ಸಾವಿರಕ್ಕೆ ಒಂದು ಪಾಲಿನಷ್ಟಾದರೆ ಕೆಲವೇ ನಿಮಿಷಗಳಲ್ಲಿ ಮೂಗು ವಾಸನೆಯನ್ನು ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನಾತ ನಿಂತಿತೆಂದು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲೆಂದು ಹಿಂದೆಯೇ ಇಳಿದ ಮಗನೋ ತಮ್ಮನೋ ಸಹ ಬರುವುದಿಲ್ಲ. ಪ್ರಯೋಗಶಾಲೆಯಲ್ಲಿ ಲೆಡ್ ಅಸಿಟೇಟಿನ ಕಾಗದವನ್ನು ಕಪ್ಪಾಗಿಸಿ ಗುರುತು ತೋರುವ ಅನಿಲವೇ ಇದು. ಶಾಲೆಯ ಮಕ್ಕಳಿಗೆ ಪ್ರನಾಳವನ್ನು ಮೂಗಿಗೆ ಹಿಡಿಯಬೇಡಿರಿ, ಕೈಬೀಸಿ ದೂರದಿಂದ ಮೂಸಿರಿ ಎಂದು ಹೇಳುವುದು ಸುಮ್ಮನೆ ಅಲ್ಲ.

ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಂತಹ ಗುಂಡಿಗಳಿಗೆ ಇಳಿಸುವುದು 2013ರ ಕೇಂದ್ರ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಕಾಯ್ದೆಯ ಭಯಕ್ಕಿಂತ ಮೊದಲು ನಮ್ಮ ಅಂತಃಕರಣವೇ ಅದನ್ನು ತಡೆಯಬೇಕು. ನಮ್ಮ ಮನೆಯ ಗುಂಡಿಯನ್ನು ಖಾಲಿ ಮಾಡಿಸಬೇಕಾದರೆ ಯಂತ್ರವಿರುವ ಗಾಡಿಯನ್ನೇ ಕರೆಸೋಣ. ಯಾವ ತಾಯಿಯ ಮಗನನ್ನೂ ಕೂಲಿಯಾಸೆ ತೋರಿಸಿ ಒಳಗೆ ಇಳಿಸದಿರೋಣ. ನಮ್ಮ ಅಜ್ಜನವರು ಆಳುಮಗನ ಜೀವಕ್ಕಾಗಿ ಒಂದು ದಿನದ ಕೆಲಸವನ್ನೇ ನಿಲ್ಲಿಸಿದ್ದರು.

ಆ ಮಗುವಿನ ಪ್ರಶ್ನೆಗೆ ಮರಳೋಣ. ಉತ್ತರ ಮೊದಲೇ ಗೊತ್ತಿದ್ದರೆ ಪರೀಕ್ಷೆ ಏಕೆ? ಬಾಟಲಿಯ ಮೇಲೆ ಸಂಖ್ಯೆ ಇರುವುದು ಶಾಲೆಯಲ್ಲಿ ಮಾತ್ರ. ಹಗೇವಿನ ಬಾಯಿಗೆ ಯಾರೂ ಸಂಖ್ಯೆ ಬರೆದಿರುವುದಿಲ್ಲ. ನಾಳೆ ಈ ಮಕ್ಕಳೇ ಔಷಧಿಯನ್ನು, ಕುಡಿಯುವ ನೀರನ್ನು, ರೋಗಿಯ ರಕ್ತವನ್ನು ಪರೀಕ್ಷಿಸುವ ಸ್ಥಾನದಲ್ಲಿ ಕೂಡುತ್ತಾರೆ. ಅಂದು ಪಕ್ಕದವರನ್ನು ಕೇಳಿ ತಿದ್ದಿ ಬರೆದರೆ ಅದರ ಫಲವನ್ನು ಉಣ್ಣುವವರು ಬೇರೆಯವರು. ಕಂಡದ್ದನ್ನು ಕಂಡಂತೆ ಬರೆಯುವುದನ್ನು ಈಗಲೇ ಕಲಿಯದವರು ಆಗ ಕಲಿಯಲಾರರು.

ನಾವು ಆ ಮಗುವಿಗೆ ಹೇಳಿದ್ದು ಇಷ್ಟೇ: “ತಂಗಿ, ಅಳಿಸಬ್ಯಾಡ. ನಿನಗ ಬಿಳಿ ಗಸಿ ಬಂದದ್ದು ಖರೆ. ಅದು ಯಾಕ ಬಂತು ಅನ್ನೂದನ್ನ ನಿಮ್ಮ ಗುರುಗಳನ್ನ ಕೇಳಿ ಮತ್ತೊಮ್ಮೆ ಮಾಡಿ ನೋಡು.”

ಹತ್ತು ದಿನಗಳ ಮೇಲೆ ಅವಳೇ ದೂರವಾಣಿ ಮಾಡಿದಳು. ದನಿಯಲ್ಲಿ ಹಿಗ್ಗಿತ್ತು. ಮೂರನೆಯ ಗುಂಪಿನ ಪರೀಕ್ಷೆಯಲ್ಲಿ ಅಮೋನಿಯದ ದ್ರಾವಣಕ್ಕಿಂತ ಮೊದಲು ಅಮೋನಿಯಂ ಕ್ಲೋರೈಡ್ ಹಾಕಬೇಕು. ಅದು ಮ್ಯಾಗ್ನೀಸಿಯಮ್ಮನ್ನು ಆ ಹಂತದಲ್ಲಿ ಗಸಿಯಾಗದಂತೆ ತಡೆದು ಮುಂದಿನ ಗುಂಪಿಗೆ ಕಾಯ್ದಿಡುತ್ತದೆ. ಅವಳು ಅವಸರದಲ್ಲಿ ಅದನ್ನು ಮರೆತಿದ್ದಳು. ಆದ್ದರಿಂದಲೇ ಮ್ಯಾಗ್ನೀಸಿಯಂ ಬರಬಾರದ ಕಡೆ ಬಂದು ಅಲ್ಯೂಮಿನಿಯಮ್ಮಿನಂತೆ ತೋರಿದ್ದಿತು. ಈ ಸಲ ಕ್ರಮವಾಗಿ ಹಾಕಿದಾಗ ಗಸಿ ಬರಲಿಲ್ಲ; ಕೊನೆಯಲ್ಲಿ ಫಾಸ್ಫೇಟ್ ದ್ರಾವಣ ಹಾಕಿದಾಗ ಮ್ಯಾಗ್ನೀಸಿಯಮ್ಮಿನ ಬಿಳಿಯ ಹರಳುಗಸಿ ಬಂದಿತಂತೆ.

“ಮೊದಲಿನ ಪುಟ ಹಾಗೇ ಇಟ್ಟೀನಿ ಅಜ್ಜಾರ. ಅದರ ಕೆಳಗ, ಅಮೋನಿಯಂ ಕ್ಲೋರೈಡ್ ಹಾಕಿದ್ದಿಲ್ಲ ಅಂತ ಬರದೀನಿ” ಎಂದಳು.

ಅವಳ ಗುರುಗಳು ಆ ಪುಟಕ್ಕೆ ಎಷ್ಟು ಅಂಕ ಕೊಟ್ಟರೆಂದು ನಾವು ಕೇಳಲಿಲ್ಲ. ಪಕ್ಕದಲ್ಲಿಯೇ ಇದ್ದ ಅವಳ ತಂದೆಯೂ ಕೇಳಿರಲಿಲ್ಲವೆಂದು ಆಮೇಲೆ ತಿಳಿಯಿತು.